ಮಳೆ ನೋಡಿ ಊರು ಆರಿಸಿ: ಶಿವಮೊಗ್ಗದ ಮಲೆನಾಡು ಸುತ್ತುವವರಿಗೆ ಹಂತ ಹಂತದ ಮಾರ್ಗದರ್ಶಿ

ಜುಲೈ ಬಂತು ಅಂದ್ರೆ ತೀರ್ಥಹಳ್ಳಿ ಕಡೆಯ ನಮ್ಮಂಥವರ ಫೋನಿಗೆ ಬಿಡುವಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಮಗ ಬೆಂಗಳೂರಿನಿಂದ ಮಾಡಿದ್ದ. "ಮಾವ, ಶನಿವಾರ ಭಾನುವಾರ ಬರ್ತಿದೀವಿ. ಜೋಗ, ಆಗುಂಬೆ, ಕೊಡಚಾದ್ರಿ, ಕವಲೇದುರ್ಗ, ಸಿಗಂದೂರು, ಸಕ್ರೆಬೈಲು, ಕುಂದಾದ್ರಿ. ಎರಡು ದಿನ ಸಾಕಲ್ವಾ?"

ಸಾಕಾಗಲ್ಲ ಅಂದೆ. ಆದರೂ ಬಂದರು. ಆಮೇಲೆ ಅವನು ಕಳಿಸಿದ ಫೋಟೊಗಳಲ್ಲಿ ಅರ್ಧಕ್ಕರ್ಧ ಕಾರಿನ ಗಾಜಿನ ಮೇಲಿನ ಮಳೆಹನಿಗಳೇ ಇದ್ದವು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋಕೆ ಹೋಗಿ ಬಿಳಿ ಮಂಜು ನೋಡಿ ಬಂದಿದ್ದರು. ಕೊಡಚಾದ್ರಿಗೆ ಹತ್ತಲು ಬಿಟ್ಟಿರಲಿಲ್ಲ. ಜೋಗದಲ್ಲಿ ಹತ್ತು ನಿಮಿಷ ನಿಂತು, ಏನೂ ಕಾಣದೆ, "ಟೈಮಿಲ್ಲ" ಅಂತ ಹೊರಟಿದ್ದರು.

ಜಾಗದ ಪಟ್ಟಿ ಯಾರ ಫೋನಿನಲ್ಲಾದರೂ ಸಿಗುತ್ತದೆ. ಯಾವ ತಿಂಗಳಲ್ಲಿ ಯಾವ ಜಾಗಕ್ಕೆ ಹೋಗಬೇಕು, ಯಾವ ಜಾಗವನ್ನು ಯಾವ ಜಾಗದ ಜೊತೆ ಸೇರಿಸಬಾರದು ಅನ್ನೋದು ಸಿಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡೇ ಮಾತು ನೆನಪಿಡಿ: ಮೊದಲು ಮಳೆ ನೋಡಿ, ಆಮೇಲೆ ಊರು ಆರಿಸಿ. ದಿನಕ್ಕೆ ಒಂದೇ ರಸ್ತೆ ಹಿಡಿಯಿರಿ.

ಹಂತ 1: ತಿಂಗಳು ಗೊತ್ತು ಮಾಡಿಕೊಳ್ಳಿ

ಮಲೆನಾಡು ವರ್ಷದಲ್ಲಿ ಮೂರು ಸಲ ಬೇರೆ ಬೇರೆ ಊರಾಗುತ್ತದೆ.

ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ನೀರಿನ ಕಾಲ. ನಮ್ಮಲ್ಲಿ ಹಿರಿಯರು ಈಗಲೂ ತಿಂಗಳ ಲೆಕ್ಕ ಹೇಳುವುದಿಲ್ಲ, ಮಳೆ ನಕ್ಷತ್ರದ ಲೆಕ್ಕ ಹೇಳುತ್ತಾರೆ. ಜೂನ್ ಕೊನೆಗೆ ಆರಿದ್ರಾ, ಜುಲೈನಲ್ಲಿ ಪುನರ್ವಸು, ಆಮೇಲೆ ಪುಷ್ಯ, ಆಗಸ್ಟ್ ಮೊದಲ ಎರಡು ವಾರ ಆಶ್ಲೇಷಾ. "ಆಶ್ಲೇಷಾ ಮಳೆ ಈಸಲಾರದ ಹೊಳೆ" ಅಂತ ಗಾದೆಯೇ ಇದೆ. ಅಂದರೆ ಆ ಹೊತ್ತಿಗೆ ಹೊಳೆಗೆ ಇಳಿಯೋ ಯೋಚನೆ ಬಿಡಿ. ಇದು ಜೋಗ ನೋಡುವ ಕಾಲ, ಆಗುಂಬೆಯ ಮಳೆಯಲ್ಲಿ ಸುಮ್ನೆ ಕೂರುವ ಕಾಲ, ಹಕ್ಕಿಗಳು ಗೂಡು ಕಟ್ಟುವ ಕಾಲ. ಬೆಟ್ಟ ಹತ್ತಿ ದೂರ ನೋಡುತ್ತೇನೆ ಅನ್ನುವವರಿಗೆ ಅಲ್ಲ. ಮೇಲೆ ಹೋದರೆ ನಿಮ್ಮ ಕೈಯೇ ನಿಮಗೆ ಕಾಣದಷ್ಟು ಮಂಜು.

ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರದ ತನಕ ನಡೆಯುವವರ ಕಾಲ. ಗದ್ದೆ ಹಸಿರಿನಿಂದ ಹಳದಿಗೆ ತಿರುಗುತ್ತಿರುತ್ತದೆ, ಹಳ್ಳದಲ್ಲಿ ಇನ್ನೂ ನೀರಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಕೊಡಚಾದ್ರಿ, ಕವಲೇದುರ್ಗ, ಕುಂದಾದ್ರಿ ಮೂರಕ್ಕೂ ಇದೇ ಸರಿ. ನನ್ನನ್ನು ಕೇಳಿದರೆ ಇಡೀ ವರ್ಷದಲ್ಲಿ ಒಂದೇ ಸಲ ಬರುವವರು ಅಕ್ಟೋಬರ್ ಕೊನೆಗೆ ಬರಬೇಕು. ಯಾರೂ ಕೇಳಲ್ಲ, ಎಲ್ಲರಿಗೂ ಮಳೆಯ ರೀಲ್ಸ್ ಬೇಕು.

ಡಿಸೆಂಬರ್‌ನಿಂದ ಮೇ ತನಕ ಒಣ ಕಾಲ. ಹಿನ್ನೀರು, ಹೊಳೆ ದಡ, ಆನೆ ಬಿಡಾರ ಇವಕ್ಕೆ ಪರವಾಗಿಲ್ಲ. ಭದ್ರಾವತಿ ದಾಟಿ ಲಕ್ಕವಳ್ಳಿಗೆ ಹೋದರೆ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುವುದು ಬೇಸಿಗೆಯಲ್ಲೇ. ಆದರೆ ಕಾಡಿನೊಳಗೆ ಕಾಲಿಡುವವರು ಇದೇ ಸಮಯದಲ್ಲಿ ಉಣುಗಿನ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಹುಳ) ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ಅದನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ರಾತ್ರಿ ಮಿಂಚುಹುಳಗಳು ಮರಕ್ಕೆ ಮರವೇ ಬೆಳಗುತ್ತವೆ. ಟಾರ್ಚ್ ಆರಿಸಿ ಅಂಗಳದಲ್ಲಿ ನಿಂತರೆ ಸಾಕು, ಎಲ್ಲಿಗೂ ಹೋಗಬೇಕಿಲ್ಲ.

ಹಂತ 2: ಒಂದು ಊರಲ್ಲಿ ಠಿಕಾಣಿ ಹೂಡಿ

ಶಿವಮೊಗ್ಗ ಪೇಟೆ ಮಲೆನಾಡಿನ ಬಾಗಿಲು. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ರೈಲು, ಬಸ್ಸು ಬೇಕಾದಷ್ಟಿವೆ. 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಆದರೆ ಉಳಿಯಲು ಇನ್ನೂ ಒಳಗೆ ಬನ್ನಿ. ಇಲ್ಲದಿದ್ದರೆ ದಿನಾ ನಾಲ್ಕು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ.

ಆಗುಂಬೆ, ಕುಂದಾದ್ರಿ, ಕವಲೇದುರ್ಗ, ಕುಪ್ಪಳಿ ಬೇಕಾದರೆ ತೀರ್ಥಹಳ್ಳಿ. ಜೋಗ, ಹಿನ್ನೀರು, ಇಕ್ಕೇರಿ, ಸಿಗಂದೂರು ಬೇಕಾದರೆ ಸಾಗರ. ಕೊಡಚಾದ್ರಿಗೆ ನಿಟ್ಟೂರು ಅಥವಾ ಕೊಲ್ಲೂರು. ತೀರ್ಥಹಳ್ಳಿಯಿಂದ ಸಾಗರ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಹೊಸನಗರದ ಮೇಲೆ ತಿರುವು ತಿರುವಿನ ದಾರಿ, ಮಳೆಯಲ್ಲಿ ಎರಡು ಗಂಟೆಗೂ ಜಾಸ್ತಿ. ಹಾಗಾಗಿ ಎರಡು ದಿನ ಇದ್ದರೆ ಒಂದೇ ಊರು ಆರಿಸಿ. ನಾಲ್ಕು ದಿನ ಇದ್ದರೆ ಎರಡು ಊರು.

ಕಾರಿಲ್ಲದವರಿಗೆ ಸಾಗರದ ಕಡೆ ಅನುಕೂಲ ಜಾಸ್ತಿ. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ತಾಳಗುಪ್ಪದಲ್ಲೇ ಹಳಿ ಮುಗಿಯುತ್ತದೆ. ಅಲ್ಲಿಂದ ಜೋಗ ಸುಮಾರು 15 ಕಿ.ಮೀ. ಒಳ ಊರುಗಳಿಗೆ ಖಾಸಗಿ ಬಸ್ಸುಗಳೇ ಗತಿ. ಬಸ್ಸಿಂದ ಇಳಿಯುವಾಗಲೇ ಕಂಡಕ್ಟರ್ ಹತ್ತಿರ "ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿಕೊಳ್ಳಿ. ಕೆಲವು ಊರಿಗೆ ಸಂಜೆ ಐದರ ಬಸ್ಸೇ ಕೊನೆಯದು.

ಹಂತ 3: ನಾಲ್ಕು ಫೋನ್ ಮಾಡಿ

ಮೊದಲನೆಯದು ಉಳಿಯುವ ಮನೆಗೆ. ಮಲೆನಾಡಿನ ಹೋಂಸ್ಟೇ ಅಂದರೆ ಬಹಳ ಕಡೆ ನಿಜವಾಗಿಯೂ ಮನೆ. ಊಟಕ್ಕೆ ಎಷ್ಟು ಜನ, ಸಸ್ಯಾಹಾರವೋ ಮಾಂಸಾಹಾರವೋ ಮೊದಲೇ ಹೇಳಿ. ನವೆಂಬರ್ ಆದ ಮೇಲೆ ಅಡಿಕೆ ಕೊಯ್ಲಿನ ಗಡಿಬಿಡಿ, ರಾತ್ರಿ ಒಂಬತ್ತಕ್ಕೆ ಬಂದು ಊಟ ಕೇಳಿದರೆ ಆ ಮನೆಯ ಅಮ್ಮನಿಗೆ ಕಷ್ಟ.

ಎರಡನೆಯದು ಅರಣ್ಯ ಇಲಾಖೆಗೆ. ಚಾರಣದ ದಾರಿಗಳಿಗೆ ಅನುಮತಿ ಬೇಕು. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಯಾವ ದಾರಿ ತೆರೆದಿದೆ ಅಂತ ನೋಡಿ. ಜೋರು ಮಳೆಯಲ್ಲೂ ಬೇಸಿಗೆಯ ಕಾಡ್ಗಿಚ್ಚಿನ ಸಮಯದಲ್ಲೂ ದಾರಿ ಮುಚ್ಚುವುದುಂಟು. ಆಗುಂಬೆ ಹತ್ತಿರದ ಬರ್ಕಣ, ಒನಕೆ ಅಬ್ಬಿ ಜಲಪಾತಗಳಿಗೆ "ಗೈಡ್ ಇದಾರೆ, ಗುಟ್ಟಾಗಿ ಕರ್ಕೊಂಡು ಹೋಗ್ತಾರೆ" ಅಂತ ಯಾರಾದರೂ ಹೇಳಿದರೆ ಹೋಗಬೇಡಿ. ಸಿಕ್ಕಿಬಿದ್ದರೆ ಕೇಸು, ಜಾರಿಬಿದ್ದರೆ ಹೊತ್ತು ತರಲು ದಾರಿಯೇ ಇಲ್ಲ.

ಮೂರನೆಯದು ಘಾಟಿಯ ಬಗ್ಗೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ದೊಡ್ಡ ವಾಹನಕ್ಕೆ ಅಲ್ಲಿ ಅವಕಾಶ ಇಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಕಾರಿಗೂ ಇಲ್ಲ. ಉಡುಪಿ ಕಡೆಯಿಂದ ಹತ್ತಿ ಬರುವವರು ಹೊರಡುವ ದಿನ ಬೆಳಿಗ್ಗೆ ವಿಚಾರಿಸಿ.

ನಾಲ್ಕನೆಯದು ಮನೆಯವರಿಗೆ. "ಮೂರು ದಿನ ಫೋನ್ ಸಿಗದೇ ಇರಬಹುದು, ಗಾಬರಿ ಆಗಬೇಡಿ" ಅಂತ. ಒಳ ಊರುಗಳಲ್ಲಿ ಬಿಎಸ್ಎನ್ಎಲ್ ಬಿಟ್ಟರೆ ಬೇರೆ ಸಿಗ್ನಲ್ ಸಿಗುವುದು ಅಪರೂಪ. ಕರೆಂಟ್ ಹೋದರೆ ಅದೂ ಇಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಆದರೆ ಪೂರ್ತಿ ನಂಬಬೇಡಿ. ಈ ಊರಲ್ಲೇ ಹುಟ್ಟಿ ಬೆಳೆದ ನನ್ನನ್ನೇ ಒಂದು ಸಲ ಫೋನಿನ ನಕ್ಷೆ ಹೊಸನಗರದ ಹತ್ತಿರ ಒಬ್ಬರ ಅಡಿಕೆ ತೋಟದೊಳಗೆ ತಂದು ನಿಲ್ಲಿಸಿತ್ತು. ಮುಂದೆ ಕಾಲುವೆ, ಹಿಂದೆ ತಿರುಗಿಸಲು ಜಾಗ ಇಲ್ಲ. ಮನೆ ಯಜಮಾನರು ಕೊಟ್ಟೆಯಲ್ಲಿ ಎಲೆ ಅಡಿಕೆ ಹಿಡಿದುಕೊಂಡೇ ಬಂದರು. "ಈ ತಿಂಗಳಲ್ಲಿ ನೀವು ನಾಲ್ಕನೇಯವರು ಮಾರಾಯ್ರೆ. ಬನ್ನಿ, ಆಸರಿಗೆ ಎಂತ ಬೇಕು?" ಅಂದರು. ಬೆಲ್ಲ ನೀರು ಕುಡಿದು, ಅವರ ಮಗ ಟ್ರ್ಯಾಕ್ಟರ್ ತಂದು ಎಳೆಸಿದ ಮೇಲೆ ಹೊರಟೆ.

ಹಂತ 4: ಚೀಲಕ್ಕೆ ಏನು ಹಾಕಬೇಕು

ಮಳೆಗಾಲಕ್ಕೆ ರೇನ್‌ಕೋಟ್ ತನ್ನಿ. ಕೊಡೆ ಪೇಟೆಯ ಮಳೆಗೆ ಸರಿ, ಇಲ್ಲಿ ಗಾಳಿ ಅದನ್ನು ತಿರುಗಿಸಿ ಹೂವಿನ ಹಾಗೆ ಮಾಡುತ್ತದೆ. ನಮ್ಮ ಅಜ್ಜಂದಿರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು, ನೆಟ್ಟಿ ಮಾಡುವ ಹೆಂಗಸರು ಬೆನ್ನಿಗೆ ಗೊರಬು ಹಾಕುತ್ತಿದ್ದರು. ಎರಡೂ ಕೈ ಖಾಲಿ ಇರಬೇಕು ಅನ್ನುವುದೇ ಅದರ ಲೆಕ್ಕ. ಜೀನ್ಸ್ ಬೇಡ. ಒಮ್ಮೆ ನೆನೆದರೆ ನಿಮ್ಮ ರಜೆ ಮುಗಿಯುವ ತನಕ ಒಣಗಲ್ಲ. ಬೆಲೆಬಾಳುವ ಶೂಗಿಂತ ತಳದಲ್ಲಿ ಗಟ್ಟಿ ಹಿಡಿತ ಇರುವ, ನೀರು ಇಳಿದುಹೋಗುವ ಶೂ ಒಳ್ಳೆಯದು. ಹಳೇ ಪೇಪರ್ ಒಂದಿಷ್ಟು ಇರಲಿ, ರಾತ್ರಿ ಶೂ ಒಳಗೆ ತುರುಕಲು. ಟಾರ್ಚ್, ದಿನಾ ತೆಗೆದುಕೊಳ್ಳುವ ಮಾತ್ರೆಗಳು, ಸ್ವಲ್ಪ ಚಿಲ್ಲರೆ ದುಡ್ಡು. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯಲ್ಲ.

ಇನ್ನು ಇಂಬಳ. ಜಿಗಣೆ ಅಂತ ನೀವು ಹೇಳುವುದನ್ನೇ ನಾವು ಇಂಬಳ ಅನ್ನುವುದು. ಮಳೆಗಾಲದ ಕಾಲುದಾರಿಯಲ್ಲಿ ಎಲೆ ಮೇಲೆ ಕಡ್ಡಿಯ ಹಾಗೆ ನಿಂತು ತಲೆ ಆಡಿಸುತ್ತಿರುತ್ತದೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ ಗೊತ್ತಾದ ಕೂಡಲೇ ಅದೇ ದಿಕ್ಕಿಗೆ ಬಾಗುತ್ತದೆ. ಹತ್ತುವಾಗ ನೂಲಿನ ಎಳೆಯಷ್ಟು ಸಣ್ಣ, ಇಳಿಯುವಾಗ ದ್ರಾಕ್ಷಿಯಷ್ಟು ದಪ್ಪ. ಕಚ್ಚಿದ್ದು ಗೊತ್ತೇ ಆಗಲ್ಲ, ಕಾಲುಚೀಲ ಕೆಂಪಾದಾಗಲೇ ಗೊತ್ತಾಗುವುದು. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿಡಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಹೆದರಬೇಡಿ.

ನಮ್ಮ ಉಪಾಯ ಇಷ್ಟೇ. ಒಂದು ಹಿಡಿ ಕಲ್ಲುಪ್ಪನ್ನು ಹಳೇ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಗಂಟನ್ನು ಒಂದು ಕೋಲಿನ ತುದಿಗೆ ಬಿಗಿಯಿರಿ. ನಡೆಯುವಾಗ ಅದು ಊರುಗೋಲು. ಇಂಬಳ ಕಂಡರೆ ಒದ್ದೆ ಗಂಟನ್ನು ಅದರ ಮೇಲೆ ಒತ್ತಿದರೆ ತಾನಾಗಿ ಉದುರುತ್ತದೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಹೊರಡುವ ಮುಂಚೆ ಕಾಲುಚೀಲಕ್ಕೆ ಬೇವಿನ ಎಣ್ಣೆ ಅಥವಾ ನಶ್ಯದ ಪುಡಿ ಸವರಿಕೊಳ್ಳುವವರೂ ಇದ್ದಾರೆ. ಕಚ್ಚಿಕೊಂಡಿದ್ದನ್ನು ಎಳೆದು ಕೀಳಬೇಡಿ, ಗಾಯ ವಾರಗಟ್ಟಲೆ ತುರಿಸುತ್ತದೆ. ಉಗುರನ್ನು ಅದರ ಬಾಯಿಯ ಕೆಳಗೆ ಅಡ್ಡ ಜಾರಿಸಿದರೆ ಸಾಕು.

ಹಂತ 5: ಮೊದಲ ದಿನ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ

ಸುಮಾರು 60 ಕಿ.ಮೀ. ದಾರಿ. ತುಂಗೆ ಬಹುಪಾಲು ಪಕ್ಕದಲ್ಲೇ ಇರುತ್ತಾಳೆ. ಬೆಳಿಗ್ಗೆ 8ಕ್ಕೆ ಶಿವಮೊಗ್ಗ ಬಿಡಿ. 14 ಕಿ.ಮೀ. ಹೋದರೆ ಗಾಜನೂರು ಡ್ಯಾಮಿನ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಆನೆ ಬಿಡಾರ. ರಾತ್ರಿ ಕಾಡಿಗೆ ಮೇಯಲು ಬಿಟ್ಟ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಿಗ್ಗೆ ಕರೆತರುತ್ತಾರೆ. ನೀರಿನಲ್ಲಿ ಮಲಗಿಸಿ ಮೈ ತಿಕ್ಕುತ್ತಾರೆ, ಆಮೇಲೆ ಹುಲ್ಲಿನಲ್ಲಿ ಭತ್ತ ಬೆಲ್ಲ ಸುತ್ತಿದ ಉಂಡೆ ಕೊಡುತ್ತಾರೆ. ಒಂಬತ್ತರಿಂದ ಹನ್ನೊಂದರ ಒಳಗೆ ಇದೆಲ್ಲ ಮುಗಿಯುತ್ತದೆ. ಮಧ್ಯಾಹ್ನ ಬಂದವರಿಗೆ ಬರೀ ಹೊಳೆ.

ಇನ್ನೊಂದು 15 ಕಿ.ಮೀ. ಮುಂದೆ ಮಂಡಗದ್ದೆ. ರಸ್ತೆ ಬದಿಯಲ್ಲೇ ನಿಂತು, ಹೊಳೆ ನಡುವಿನ ಪುಟ್ಟ ಕುದುರಿನ ಮರಗಳನ್ನು ನೋಡಿ. ಜುಲೈನಿಂದ ಅಕ್ಟೋಬರ್ ತನಕ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು ಒಂದರ ಮೇಲೊಂದು. ಬೇರೆ ತಿಂಗಳಲ್ಲಿ ನಿಲ್ಲುವ ಅಗತ್ಯ ಇಲ್ಲ. ಹಕ್ಕಿಗಳೇ ಮುಖ್ಯ ಅನ್ನುವವರು ಇನ್ನೊಂದು ಸಲ ಸೊರಬದ ಗುಡವಿಗೆ ಹೋಗಿ, ಅಲ್ಲಿನ ಕೆರೆಯಲ್ಲಿ ಬಿಳಿ ಕೆಂಬರಲುಗಳು ಮಳೆಗಾಲದಲ್ಲಿ ಸಂಸಾರ ಹೂಡುತ್ತವೆ.

ತೀರ್ಥಹಳ್ಳಿಯಲ್ಲಿ ಊಟ ಮಾಡಿ. ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ ಇದೆಯಾ ಅಂತ ಕೇಳಿ ನೋಡಿ. ಸಂಜೆಗೆ ಕುಪ್ಪಳಿ, ಕೊಪ್ಪದ ದಾರಿಯಲ್ಲಿ ಸುಮಾರು 18 ಕಿ.ಮೀ. ಕುವೆಂಪು ಅವರ ಕವಿಮನೆಯನ್ನು ಎಲ್ಲರೂ ನೋಡುತ್ತಾರೆ. ಅದರ ಹಿಂದಿನ ಗುಡ್ಡ ಹತ್ತಿ ಕವಿಶೈಲಕ್ಕೆ ಹೋಗಿ, ಬಂಡೆಯ ಮೇಲೆ ಕೂತು ಕತ್ತಲಾಗುವುದನ್ನು ನೋಡುವವರು ಕಡಿಮೆ. ಅವರ ಸಮಾಧಿಯೂ ಅಲ್ಲೇ ಇದೆ. ಜೋರಾಗಿ ಹಾಡು ಹಾಕಬೇಡಿ.

ಹಂತ 6: ಎರಡನೇ ದಿನ, ಕಲ್ಲುಕೋಟೆ ಅಥವಾ ಆಗುಂಬೆ

'ಅಥವಾ' ಅಂತ ಬರೆದದ್ದು ಗಮನಿಸಿ. ಎರಡೂ ಒಂದೇ ದಿನ ಬೇಡ.

ಕವಲೇದುರ್ಗ ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಕೆಳದಿ ನಾಯಕರ ಕೋಟೆ. ಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ಗದ್ದೆ ಬದಿಯಲ್ಲಿ ನಡೆದು, ಕಲ್ಲು ಹಾಸಿದ ದಾರಿ ಹತ್ತಬೇಕು. ಮೂರು ಸುತ್ತಿನ ಕೋಟೆ, ಒಂದೊಂದು ಸುತ್ತಿಗೂ ಒಂದು ಹೆಬ್ಬಾಗಿಲು. ದಾರಿ ತಿರುಗಿದ ಮೇಲೇ ಬಾಗಿಲು ಕಾಣುವಂತೆ ಕಟ್ಟಿದ್ದಾರೆ, ಓಡಿ ಬರುವ ಶತ್ರುವಿಗೆ ನೇರ ದಾರಿ ಸಿಗದಿರಲಿ ಅಂತ. ಒಳಗೆ ಕಾಶಿ ವಿಶ್ವನಾಥನ ಗುಡಿ, ಅರಮನೆಯ ಅಡಿಪಾಯ, ಅಡುಗೆಮನೆಯ ಒಲೆಕಟ್ಟೆ, ಸ್ನಾನದ ತೊಟ್ಟಿ, ನೀರು ಹರಿಯಲು ಕಲ್ಲಿನಲ್ಲೇ ಕಡಿದ ಕಾಲುವೆ. ತುದಿಯಲ್ಲಿ ಇನ್ನೊಂದು ಪುಟ್ಟ ಗುಡಿ. ನಿಧಾನಕ್ಕೆ ಹತ್ತಿ ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ. ಮಳೆಯಲ್ಲಿ ಆ ಹಾಸುಗಲ್ಲು ಸಾಬೂನಿನ ಹಾಗೆ ಜಾರುತ್ತದೆ, ಬದಿಯ ಹುಲ್ಲಿನ ಮೇಲೆ ಕಾಲಿಟ್ಟು ಇಳಿಯಿರಿ. ಮೇಲೆ ಅಂಗಡಿ ಇಲ್ಲ, ನೀರು ಹೊತ್ತುಕೊಂಡೇ ಹೋಗಿ.

ಆಗುಂಬೆ ದಿನವಾದರೆ ಬೆಳಿಗ್ಗೆ ಮೊದಲು ಕುಂದಾದ್ರಿ. ತೀರ್ಥಹಳ್ಳಿ ಆಗುಂಬೆ ರಸ್ತೆಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಗಾಡಿ ತುದಿಯ ತನಕ ಹೋಗುತ್ತದೆ, ಕೊನೆಗೆ ಒಂದಿಷ್ಟು ಮೆಟ್ಟಿಲು. ಏಕಶಿಲೆಯ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ. ಆಚಾರ್ಯ ಕುಂದಕುಂದರು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಅಕ್ಟೋಬರ್ ನಂತರ ಏಳು ಗಂಟೆಗೆ ಅಲ್ಲಿದ್ದರೆ ಕಣಿವೆ ತುಂಬ ಹತ್ತಿಯ ಹಾಗೆ ಮಂಜು ಹರಡಿ, ಗುಡ್ಡದ ತುದಿಗಳಷ್ಟೇ ಮೇಲೆ ಕಾಣುತ್ತವೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಈಚೆಗೆ ಹೊಸನಗರದ ಹುಲಿಕಲ್ ಕಡೆ ಅದಕ್ಕಿಂತ ಜಾಸ್ತಿ ಬೀಳುವ ವರ್ಷಗಳೂ ಇವೆ, ಆದರೆ ಹೆಸರು ಮಾತ್ರ ಆಗುಂಬೆಯದೇ. ಕಾಳಿಂಗ ಸರ್ಪದ ಊರು ಅಂತಲೂ ಹೆಸರು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದು ಇಲ್ಲೇ. ಕಾಳಿಂಗ ನಿಮಗೆ ಕಾಣುವುದು ಅಪರೂಪ. ಕಾಣುವುದು ಗುಳಿಮಂಡಲ. ಹಸಿರೋ ಕಂದೋ ಬಣ್ಣದಲ್ಲಿ ಗಿಡದ ಕೊಂಬೆಗೆ ಸುತ್ತಿಕೊಂಡು ಗಂಟೆಗಟ್ಟಲೆ ಅಲುಗದೆ ಕೂತಿರುತ್ತದೆ. ಹಾಗಾಗಿ ನೋಡದೆ ಗಿಡ ಹಿಡಿದುಕೊಳ್ಳಬೇಡಿ.

ಸೂರ್ಯಾಸ್ತದ ಕಟ್ಟೆಗೆ ನವೆಂಬರ್‌ನಿಂದ ಜನವರಿ ಒಳಗೆ ಹೋಗಿ. ತಿಳಿ ಆಕಾಶವಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ, ಸೂರ್ಯ ಅದರೊಳಗೇ ಇಳಿಯುತ್ತಾನೆ. ಅಲ್ಲಿನ ಮಂಗಗಳು ನಿಮ್ಮ ಚೀಲವನ್ನು ನಿಮಗಿಂತ ಚೆನ್ನಾಗಿ ಬಿಚ್ಚುತ್ತವೆ.

ಹಂತ 7: ಜೋಗ ನೋಡುವ ಬಗೆ

ಜೋಗಕ್ಕೆ ಹೋಗುವ ಮುಂಚೆ ಪೇಪರ್ ನೋಡಿ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳು ದಿನಾ ಡ್ಯಾಮಿನ ಮಟ್ಟ ಹಾಕುತ್ತವೆ. ನಾವು ಕಾಫಿ ಜೊತೆ ಮೊದಲು ಓದುವುದೇ ಅದನ್ನು. ಶರಾವತಿಗೆ ಜೋಗದ ಮೇಲ್ಗಡೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದರ ಪೂರ್ಣ ಮಟ್ಟ 1819 ಅಡಿ. ಮಟ್ಟ ಅದಕ್ಕಿಂತ ತುಂಬ ಕೆಳಗಿದ್ದರೆ ನೀರೆಲ್ಲ ಕರೆಂಟ್ ತಯಾರಿಗೆ ಹೋಗುತ್ತದೆ. ಆಗ ಜೋಗಕ್ಕೆ ಸಿಗುವುದು ಡ್ಯಾಮಿನ ಕೆಳಗಿನ ಹಳ್ಳಗಳ ನೀರು. ಹಳ್ಳದ ನೀರೇ ಜುಲೈನಲ್ಲಿ ಸಾಕಷ್ಟಾಗುತ್ತದೆ, ಮಳೆ ಎರಡು ದಿನ ಬಿಟ್ಟರೆ ಎಳೆಯಾಗುತ್ತದೆ. 1819ರ ಹತ್ತಿರ ಬಂದು ಗೇಟು ತೆಗೆದರು ಅಂದರೆ, ಕೆಲಸ ಬಿಟ್ಟು ಹೊರಡಿ. ಪ್ರತಿ ವರ್ಷ ಅದು ಆಗುವುದಿಲ್ಲ.

253 ಮೀಟರ್ ಎತ್ತರ. ಸಾಗರದ ಕಡೆಯ ಕಟ್ಟೆಯಲ್ಲಿ ನಿಂತರೆ ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ರಾಜ ಒಂದೇ ಧಾರೆಯಾಗಿ ನೇರ ಕೆಳಗೆ. ರೋರರ್ ಹೆಸರಿಗೆ ತಕ್ಕ ಹಾಗೆ ಸದ್ದು ಮಾಡುತ್ತಾ ಬಂದು ರಾಜನನ್ನು ಸೇರುತ್ತದೆ. ರಾಕೆಟ್ ಬಂಡೆಗೆ ಬಡಿದು ಚಿಮ್ಮುತ್ತದೆ. ರಾಣಿ ಬಂಡೆ ಮೇಲೆ ಬಳುಕುತ್ತಾ ಇಳಿಯುತ್ತಾಳೆ.

ಮಂಜು ಬಂದರೆ ಎಲ್ಲವೂ ಮಾಯ. ಸದ್ದು ಮಾತ್ರ. ಇಲ್ಲೇ ಜನ ತಪ್ಪು ಮಾಡುವುದು, ಹತ್ತು ನಿಮಿಷಕ್ಕೆ ಬೇಸತ್ತು ಹೊರಡುತ್ತಾರೆ. ಹೋಗಬೇಡಿ. ಜೋಳ ಸುಡಿಸಿಕೊಂಡು ಕಟ್ಟೆಯ ಹತ್ತಿರ ನಿಲ್ಲಿ. ಕಣಿವೆಯಿಂದ ಗಾಳಿ ಮೇಲೆ ಬೀಸಿದಾಗ ಮಂಜು ಮೊದಲು ರಾಣಿಯ ಕಡೆ ತೆಳುವಾಗಬಹುದು, ಇಲ್ಲವೇ ನಡುವೆ ಕಿಟಕಿಯ ಹಾಗೆ ಬಿಚ್ಚಿಕೊಳ್ಳಬಹುದು. ಹೋದ ಆಗಸ್ಟಿನಲ್ಲಿ ನಾನು ಒಂದು ಗಂಟೆ ಹತ್ತು ನಿಮಿಷ ಕಾದೆ. ಪಕ್ಕದಲ್ಲಿ ದಾವಣಗೆರೆ ಕಡೆಯ ಒಂದು ಅಜ್ಜಿ, ಮೊಮ್ಮಗಳ ದುಪ್ಪಟ್ಟಾ ತಲೆಗೆ ಸುತ್ತಿಕೊಂಡು ನಿಂತಿದ್ದರು. ಮಂಜು ಸರಿದಾಗ ಆ ಅಜ್ಜಿ ಏನೂ ಮಾತಾಡದೆ ಕೈ ಮುಗಿದರು. ನಾಲ್ಕು ನಿಮಿಷ ಕಂಡಿತು, ಮತ್ತೆ ಮುಚ್ಚಿತು.

ಕೆಳಗಿಳಿಯುವ ಸುಮಾರು 1,400 ಮೆಟ್ಟಿಲುಗಳು ಮಳೆಗಾಲದಲ್ಲಿ ಮುಚ್ಚಿರುತ್ತವೆ, ಕಾಮಗಾರಿ ಇದ್ದಾಗಲೂ ಮುಚ್ಚುತ್ತಾರೆ. ತೆರೆದಿದ್ದರೆ ಇಳಿಯುವುದು ಸುಲಭ, ಹತ್ತುವಾಗ ಮಂಡಿ ಲೆಕ್ಕ ಕೇಳುತ್ತದೆ. ಹೊಳೆಯ ಆಚೆ ಸಿದ್ದಾಪುರದ ಕಡೆಯಿಂದ ನೋಡಲು ಬಾಂಬೆ ಬಂಗಲೆ ಇದೆ, ಅಲ್ಲಿ ಜನ ಕಡಿಮೆ.

ಅದೇ ದಿನ ಸಾಗರಕ್ಕೆ ವಾಪಸ್ ಬಂದು ಐದಾರು ಕಿ.ಮೀ. ದೂರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಬಹುದು. ಸಿಗಂದೂರಿಗೆ ಹೋಗುವವರಿಗೆ 2025ರ ಜುಲೈನಿಂದ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಇದೆ, ಎರಡೂವರೆ ಕಿ.ಮೀ. ಹತ್ತಿರ ಉದ್ದ. ಮೊದಲು ಲಾಂಚಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಆ ಸೇತುವೆ ದಶಕಗಳ ಕನಸು. ಕರೆಂಟಿಗಾಗಿ ಊರು ಮುಳುಗಿಸಿಕೊಂಡವರು ಅವರು. ಸೇತುವೆ ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಮುಂಚೆ ಅದನ್ನು ಸ್ವಲ್ಪ ನೆನೆಯಿರಿ. ನೀರಿನಾಟ ಬೇಕಾದವರಿಗೆ ಇದೇ ಹಿನ್ನೀರಿನ ಹೊನ್ನೆಮರಡು ಇದೆ. ತೆಪ್ಪ, ಕಯಾಕ್, ಲೈಫ್ ಜಾಕೆಟ್ ಎಲ್ಲ ಅಲ್ಲೇ ಕೊಡುತ್ತಾರೆ. ಮೊದಲೇ ಹೇಳಿ ಹೋಗಬೇಕು.

ಹಂತ 8: ಕೊಡಚಾದ್ರಿ

1,343 ಮೀಟರ್. ನಡೆಯುವ ಅಭ್ಯಾಸ ಇರುವವರು ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕ ಹತ್ತುತ್ತಾರೆ, ಅನುಮತಿ ಇದ್ದಾಗ. ಇಲ್ಲದಿದ್ದರೆ ಜೀಪು. ನಿಮ್ಮ ಕಾರು ಆ ದಾರಿಗೆ ಆಗಲ್ಲ. ಅದನ್ನು ದಾರಿ ಅನ್ನುವುದೇ ಹೆಚ್ಚು. ಸೊಂಟ ನೋವಿನವರು ಜೀಪು ಹತ್ತಬೇಡಿ, ತಮಾಷೆಗೆ ಹೇಳುತ್ತಿಲ್ಲ. ಜೀಪು ಇಳಿದ ಮೇಲೆ ಮೂಲ ಮೂಕಾಂಬಿಕೆ ಗುಡಿ, ಅದರ ಎದುರಿನ ಎತ್ತರದ ಕಬ್ಬಿಣದ ಕಂಬ ನೋಡಿ. ಅಲ್ಲಿಂದ ಹುಲ್ಲುಗಾವಲಿನ ಅಂಚಿನಲ್ಲಿ ನಡೆದರೆ ಗಣಪತಿ ಗುಹೆ, ಆಮೇಲೆ ಶಂಕರಾಚಾರ್ಯರ ಹೆಸರಿನ ಸರ್ವಜ್ಞ ಪೀಠ. ಗಾಳಿ ಎಷ್ಟಿರುತ್ತದೆ ಅಂದರೆ ಟೊಪ್ಪಿ ಕೈಯಲ್ಲೇ ಇರಲಿ. ಕತ್ತಲಾಗುವ ಮುಂಚೆ ಇಳಿಯುವ ಜೀಪಿನ ಹೊತ್ತನ್ನು ಚಾಲಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಹಂತ 9: ನೀರಿಗೆ ಇಳಿಯುವ ಮುಂಚೆ

ಪ್ರತಿ ಮಳೆಗಾಲ ಒಂದಲ್ಲ ಒಂದು ಸುದ್ದಿ ಬರುತ್ತದೆ. ಕೊಚ್ಚಿಹೋದವರು ಹೆಚ್ಚಾಗಿ ಹೊರಗಿನಿಂದ ಬಂದ ಹುಡುಗರು. ಈಜು ಬರುತ್ತಿತ್ತು ಅಂತಲೂ ಬರೆದಿರುತ್ತಾರೆ. ಈಜುಕೊಳದ ಈಜಿಗೂ ಹೊಳೆಗೂ ಸಂಬಂಧ ಇಲ್ಲ. ನೀವು ನಿಂತ ಕಡೆ ಬಿಸಿಲಿದ್ದು, ಮೇಲಿನ ಗುಡ್ಡದಲ್ಲಿ ಮಳೆ ಬಿದ್ದರೂ ಹಳ್ಳ ಏರುತ್ತದೆ. ಗುರುತು ಹೀಗೆ: ತಿಳಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಒಣಗಿದ ಎಲೆ, ಕಡ್ಡಿ, ನೊರೆ ತೇಲಿ ಬರುತ್ತವೆ, ಸದ್ದು ದಪ್ಪವಾಗುತ್ತದೆ. ಇದರಲ್ಲಿ ಒಂದು ಕಂಡರೂ ಚಪ್ಪಲಿ ಹುಡುಕದೆ ದಡ ಹತ್ತಿ. ಡ್ಯಾಮಿನ ಕೆಳಗೆ ಸೈರನ್ ಕೇಳಿದರೂ ಅಷ್ಟೇ. ಹಾವಸೆ ಹಿಡಿದ ಕಪ್ಪು ಬಂಡೆಯ ಮೇಲೆ ಕಾಲಿಡಬೇಡಿ. ಎಲ್ಲಿ ಗುಂಡಿ ಇದೆ ಅಂತ ಊರವರನ್ನು ಕೇಳಿ. ಅವರು ಬೇಡ ಅಂದರೆ ಬೇಡ.

ಹಂತ 10: ಉಣುಗು, ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗೊತ್ತಾದ ಜ್ವರ ಇದು. ಸೋಂಕಿರುವ ಉಣುಗು ಕಚ್ಚಿದರೆ ಬರುತ್ತದೆ. ಮಂಗಗಳು ಇದರಿಂದ ಸಾಯುವುದರಿಂದ ಆ ಹೆಸರು. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಉಣುಗಿನ ಮರಿ ಸಾಸಿವೆಗಿಂತ ಚಿಕ್ಕದು, ಒಣ ತರಗೆಲೆಯಲ್ಲಿ ಇರುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಕಾಡಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ತಿಳಿ ಬಣ್ಣದ ತುಂಬು ತೋಳಿನ ಬಟ್ಟೆ ಹಾಕಿ. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೈಗೆ ಹಚ್ಚಿಕೊಳ್ಳಲು ಡೆಪಾ ತೈಲ ಕೊಡುತ್ತಾರೆ, ಉಳಿದುಕೊಂಡ ಮನೆಯವರನ್ನು ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರವರಿಗೆ ತಿಳಿಸಿ. ಯಾವ ಕಡೆ ಕಾಯಿಲೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ, ಆ ಕಾಡು ಆ ವರ್ಷ ಬಿಟ್ಟುಬಿಡಿ.

ಕಾಡಿನಿಂದ ಬಂದ ದಿನವೇ ಬಿಸಿನೀರಿನಲ್ಲಿ ಮೈ ತಿಕ್ಕಿ ಸ್ನಾನ ಮಾಡಿ. ಹಾಕಿದ್ದ ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯಬೇಡಿ, ನೇರ ಬಿಸಿನೀರಿಗೆ ಹಾಕಿ. ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ ಬೆರಳಾಡಿಸಿ ನೋಡಿಕೊಳ್ಳಿ. ಮಕ್ಕಳದ್ದು ನೀವೇ ನೋಡಿ. ಊರಿಗೆ ಹೋದ ಮೇಲೆ ವಾರ ಹತ್ತು ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಮೊದಲ ಮಾತೇ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಗೊತ್ತಾಗಲ್ಲ.